ಕೊನೆಯ ಬೆಂಚಿನ ಬಿಸಿಲು

ಪುಸ್ತಕ ಕಪಾಟಿನಲ್ಲಿ ಇರಲಿಲ್ಲ.

ಇನ್ನೊಮ್ಮೆ ನೋಡಿದೆ. ಮೇಲಿನ ಹಲಗೆಯಲ್ಲಿ ಮೇಜಿನ ಬಿಳಿ ಬಟ್ಟೆಗಳು. ನಡುವೆ ಸಂಗೀತ ಪುಸ್ತಕಗಳ ಕಟ್ಟು. ಕೆಳಗೆ ಮೇಣದ ಬತ್ತಿಯ ಡಬ್ಬಿ, ಅದರ ಪಕ್ಕದಲ್ಲಿ ಧೂಳಿಲ್ಲದ ಒಂದು ಚೌಕ. ಲಾಯಿಲದ ಚರ್ಚಿನ ಸದಸ್ಯರ ಹೆಸರುಗಳಿದ್ದ ಸಭಾಪುಸ್ತಕ ನೂರಕ್ಕೂ ಹೆಚ್ಚು ವರ್ಷ ಕುಳಿತಿದ್ದ ಜಾಗ ಅದು.

"ಇಲ್ಲವಾ?" ಸೃಜನ್ ಹಿಂದಿನಿಂದ ಕೇಳಿದ.

"ಇಲ್ಲ."

"ಆದಿತ್ಯವಾರ ಇತ್ತಲ್ಲ?"

"ಆದಿತ್ಯವಾರ ಆರಾಧನೆ ಮುಗಿದ ಮೇಲೆ ನಾನೇ ಇಟ್ಟದ್ದು. ನೀವೇ ಹೊರಬಾಗಿಲಿಗೆ ಹೊಸ ಬೀಗ ಹಾಕಿ ಕೀ ನನ್ನ ಕೈಗೆ ಕೊಟ್ಟದ್ದು."

ಸೃಜನ್ ಈ ಭಾಗದ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಡಯಾಸಿಸಿನ ಕಚೇರಿಯಿಂದ ಬಂದವನು. ಸಭೆಗಳನ್ನು ಮರುಹೊಂದಿಸುವ ಕೆಲಸದ ಫೈಲು ಅವನ ಕೈಯಲ್ಲಿತ್ತು. ಅವನು ಬಾಗಿಲಿಗೆ ಹೋಗಿ ಬೀಗ ನೋಡಿದ. ಗೀರು ಕೂಡ ಬಿದ್ದಿರಲಿಲ್ಲ. ಕಿಟಕಿಗಳನ್ನು ನೋಡಿದ. ಕಬ್ಬಿಣದ ಸರಳುಗಳ ನಡುವಿನ ಜೇಡರ ಬಲೆಗಳು ಹರಿಯದೆ ನಿಂತಿದ್ದವು.

ಡಿಸೆಂಬರಿನ ಬುಧವಾರ, ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಾಡಿನ ಗಾಜಿನ ಹಂಚಿನಿಂದ ಇಳಿದ ಬೆಳಕಿನ ಕೋಲಿನಲ್ಲಿ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಕಟ್ಟಡ ಏನನ್ನೋ ನೋಡಿ ಮತ್ತೆ ನಿದ್ದೆಗೆ ಜಾರಿದಂತೆ ಕಾಣುತ್ತಿತ್ತು.

ವಿಷಯ ಇಷ್ಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಸಭೆಗಳು ಕ್ರಿಸ್ಮಸಿನಿಂದ ಒಂದಾಗುತ್ತವೆ. ಮೂಡುಬಿದಿರೆಯ ಚರ್ಚು ಉಳಿಯುತ್ತದೆ. ಬಂಟ್ವಾಳದಲ್ಲಿ ತಿಂಗಳಿಗೊಂದು ಆರಾಧನೆ. ಬೆಳ್ತಂಗಡಿಯ ಸಭೆಯಲ್ಲಿ ಉಳಿದದ್ದು ಹನ್ನೊಂದು ಕುಟುಂಬ. ಅವರ ಲಾಯಿಲದ ಚರ್ಚಿನಲ್ಲಿ ಬರುವ ಆದಿತ್ಯವಾರವೇ ಕೊನೆಯ ಆರಾಧನೆ. ಮೂರೂ ಕಡೆಗೆ ಸಭಾಪಾಲಕಿ ನಾನೊಬ್ಬಳೇ. ಹೆಸರು ವಿಸ್ಮಿತಾ.

ಚರ್ಚು ಮುಚ್ಚಿದ ಮೇಲೆ ಅದರ ಹಿಂದಿನ ಸ್ಮಶಾನವೂ ಮುಚ್ಚುತ್ತದೆ. ಒಂದೇ ಒಂದು ವಿನಾಯಿತಿ. ಗಂಡನೋ ಹೆಂಡತಿಯೋ ಅಲ್ಲಿ ಮಲಗಿದ್ದು, ಬದುಕಿರುವವರ ಹೆಸರು ಸಭಾಪುಸ್ತಕದಲ್ಲಿ ಕರ್ತನ ಭೋಜನಕ್ಕೆ ಸೇರಿದವರ ಪಟ್ಟಿಯಲ್ಲಿದ್ದರೆ, ಪಕ್ಕದ ಜಾಗ ಅವರಿಗೆ. ಹಾಗೆ ಉಳಿದವರು ಇಡೀ ಸಭೆಯಲ್ಲಿ ಒಬ್ಬರೇ, ಪೂವಮ್ಮ. ವಯಸ್ಸು ಎಂಬತ್ತೆರಡು. ಗಂಡ ಚಿನ್ನಯ್ಯ ತೀರಿಕೊಂಡು ಹತ್ತೊಂಬತ್ತು ವರ್ಷ.

ಆ ಹೊತ್ತಿಗೆ ಅವರೂ ಅಲ್ಲೇ ಇದ್ದರು. ಗುಡಿಸಲು ಬಂದವರು, ಹೆಂಗಸರ ಬದಿಯ ಕೊನೆಯ ಬೆಂಚಿನ ತುದಿಯಲ್ಲಿ, ಎಂದಿನ ಜಾಗದಲ್ಲಿ, ಪೊರಕೆ ಕಾಲ ಬಳಿ ಇಟ್ಟು ಕುಳಿತಿದ್ದರು.

"ಪುಸ್ತಕ ಇಲ್ಲದಿದ್ದರೆ ಎಂತ ಮಾಡ್ತೀರಿ?" ಅವರು ಸೃಜನ್‌ನನ್ನು ಕೇಳಿದರು.

"ಪುಸ್ತಕ ಇಲ್ಲದಿದ್ದರೆ ಈ ವರ್ಷ ಕರ್ತನ ಭೋಜನ ತೆಗೆದುಕೊಂಡವರ ಹೆಸರು ಮಾತ್ರ ಬರೆಯಬೇಕು ಅಂತ ಉಂಟು ಅಮ್ಮ. ನೀವು ತೆಗೆದುಕೊಂಡಿದ್ದೀರಲ್ಲ?"

ಪೂವಮ್ಮ ಬಗ್ಗಿ ಪೊರಕೆಯ ಕಡ್ಡಿ ಸರಿಪಡಿಸಿದರು. ಉತ್ತರ ನನಗೆ ಗೊತ್ತಿತ್ತು. ಆ ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ಅವರು ಎದ್ದು ಜಗಲಿಗೆ ಹೋಗಿ ನಿಲ್ಲುತ್ತಿದ್ದರು. ಮೂರು ವರ್ಷದಿಂದ ನೋಡಿದ್ದೆ. ಏನೋ ಹರಕೆ ಇರಬೇಕು ಎಂದುಕೊಂಡು ಒಮ್ಮೆಯೂ ಕೇಳಿರಲಿಲ್ಲ.

"ನನ್ನ ಹೆಸರಿಗೆ ಕೆಂಪು ಗೆರೆ ಉಂಟು ಪಾಸ್ಟರಮ್ಮ," ಎಂದರು ಕೊನೆಗೆ. "ಮದುವೆಯಾದ ಮೂರನೇ ವರ್ಷ. ತವರಿನಲ್ಲಿ ಭೂತದ ಕೋಲ ಇತ್ತು. ಅಣ್ಣ ಕಾಯಿಲೆ ಬಿದ್ದಿದ್ದ, ನಾನು ಹೋದೆ. ಹಿರಿಯರು ಸೇರಿ ಆರು ತಿಂಗಳು ಹೊರಗಿಟ್ಟರು. ಆರು ತಿಂಗಳು ಅಂತ ಪುಸ್ತಕದ ಹಿಂಭಾಗದಲ್ಲಿ ಬರೆದಿದ್ದಾರೆ, ನನಗೆ ಓದಿ ಹೇಳಿದ್ದಾರೆ. ಅದನ್ನು ಇವರು ನೋಡಿದರೆ ಸಾಕಿತ್ತು."

"ಆರು ತಿಂಗಳಾದ ಮೇಲೆ?"

"ಸಭೆಯ ಹಿರಿಯ ಒಬ್ಬರು ಮನೆಗೆ ಬಂದು ಕೈ ಹಿಡಿದು ಕರೆಯಬೇಕು. ಅದು ಆಗಿನ ಕ್ರಮ. ಯಾರೂ ಬರಲಿಲ್ಲ."

"ನೀವೇ ಕೇಳಬಹುದಿತ್ತಲ್ಲ?"

"ಕರೆಯದೆ ಊಟಕ್ಕೆ ಹೋಗುವುದು ಹೇಗೆ?"

ಸೃಜನ್ ನನ್ನನ್ನು ಪಕ್ಕಕ್ಕೆ ಕರೆದ. "ಬೇಸರ ಮಾಡಬೇಡಿ ಪಾಸ್ಟರ್. ಕೆಂಪು ಗೆರೆ ಇರುವ ಪುಸ್ತಕ ಕಾಣದೆ ಹೋದರೆ ಲಾಭ ಯಾರಿಗೆ? ಪುಸ್ತಕ ಇಲ್ಲದಿದ್ದರೆ ನಿಯಮ ಎಂತ ಅಂತ ಅವರಿಗೆ ಗೊತ್ತಾದದ್ದು ಈಗಲ್ಲವಾ?"

"ಅವರಿಗೆ ಎಂಬತ್ತೆರಡು ವರ್ಷ. ಬೀಗ ಹಾಕಿದ ಬಾಗಿಲು ದಾಟಿ ಬಂದರಾ?"

"ಮಾಡಿನಿಂದ ಯಾರನ್ನಾದರೂ ಇಳಿಸಿರಬಹುದು. ಆ ಹಂಚು ಹೊದಿಸುವ ತುಕ್ರಪ್ಪ ಅವರ ಪಕ್ಕದ ಮನೆಯವನಲ್ಲವಾ? ಆದಿತ್ಯವಾರದ ಒಳಗೆ ಸಿಗದಿದ್ದರೆ ನಾನು ಹಾಗೆಯೇ ವರದಿ ಬರೆಯಬೇಕಾಗ್ತದೆ."

ಸಭೆಯ ಕಾರ್ಯದರ್ಶಿ ಧನರಾಜ್ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಅಳತೆ ತಪ್ಪದ ಮನುಷ್ಯ. "ಪೂವಕ್ಕನ ಮೇಲೆ ಹಾಕಬೇಡಿ," ಎಂದರು. "ಅವರು ಅಂಥವರಲ್ಲ." ಅಷ್ಟು ಹೇಳಿ ಕನ್ನಡಕ ಒರೆಸುತ್ತ ಹೊರಗೆ ಹೋದರು.

ಹೊರಡುವಾಗ ಪೂವಮ್ಮ ಬೆಂಚಿನಿಂದ ಏಳಲಿಲ್ಲ. ತಮ್ಮ ಮಡಿಲನ್ನೇ ನೋಡುತ್ತಿದ್ದರು.

"ಈ ವರ್ಷ ಬಿಸಿಲಿಗೂ ದಾರಿ ತಪ್ಪಿದೆ," ಎಂದರು. "ನನ್ನ ಮಡಿಲಿಗೇ ಬಂದು ಕೂತಿದೆ."

ವಯಸ್ಸಾದವರ ಮಾತು. ನಾನು ಅವರ ಭುಜ ತಟ್ಟಿ ಹೊರಟೆ.

*

ಗುರುವಾರ ಬೆಳಿಗ್ಗೆ ತೋಡಾರಿನ ಝೈನಬ್ ಟೀಚರ ಮನೆಗೆ ಹೋದೆ. ಬಿ.ಎಸ್ಸಿ.ಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ಒಮ್ಮೆ ಲ್ಯಾಬಿನಲ್ಲಿ ಕಳೆದ ಪ್ರಿಸಮ್ ಯಾರ ಬ್ಯಾಗಿನಲ್ಲಿದೆ ಎಂದು ಒಂದು ಬ್ಯಾಗನ್ನೂ ತೆರೆಸದೆ ಹೇಳಿದ್ದರು.

"ನಿನ್ನ ದೇವರಿಗೆ ಗೊತ್ತಿರಬೇಕಲ್ಲ ಮಾರಾಯ್ತಿ. ನಿನಗೆ ಹೇಳುವುದಿಲ್ಲವಾ?" ಚಹಾ ಕೊಡುತ್ತ ಕೇಳಿದರು.

"ಹೇಳ್ತಾನೆ ಟೀಚರ್. ನನಗೆ ಕೇಳುವುದಿಲ್ಲ."

"ಕ್ಲಾಸಿನಲ್ಲಿಯೂ ನೀನು ಹಾಗೇ. ಸರಿ, ಮೊದಲಿಂದ ಹೇಳು. ಯಾರು ಎಂತ ಹೇಳಿದರು, ಒಂದೂ ಬಿಡಬೇಡ."

ಹೇಳಿದೆ. ಬೀಗ, ಸರಳು, ಜೇಡರ ಬಲೆ, ಕೆಂಪು ಗೆರೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಎನಿಸಿತು. ಕೊನೆಗೆ ಪೂವಮ್ಮ ಹೊರಡುವಾಗ ಆಡಿದ ಮಾತನ್ನೂ ಹೇಳಿದೆ.

ಕಣ್ಣು ತೆರೆಯಿತು. "ಆಗ ಗಂಟೆ ಎಷ್ಟು?"

"ಹನ್ನೆರಡೂವರೆ ಹತ್ತಿರ."

"ಮೋಡ ಇತ್ತಾ?"

"ಇಲ್ಲ."

"ನಿನ್ನ ಚರ್ಚಿನ ಮಾಡು ಎಷ್ಟು ಇಳಿಜಾರು? ಗಾಜಿನ ಹಂಚು ಯಾವ ಬದಿಯಲ್ಲಿ ಉಂಟು?"

"ಎರಡು ಇಳಿಜಾರು. ಹಂಚು ದಕ್ಷಿಣದ ಬದಿಯಲ್ಲಿ, ಹಿಂದಿನ ಗ್ಯಾಲರಿಯ ಹತ್ತಿರ. ಯಾಕೆ?"

"ಕೊನೆಯ ಆರಾಧನೆ ಆದಿತ್ಯವಾರ ಅಲ್ಲವಾ? ಇವತ್ತು ಹನ್ನೆರಡಕ್ಕೆ ಮೊದಲು ಅಲ್ಲಿ ಇರಬೇಕು. ತುಕ್ರಪ್ಪನಿಗೂ ನಿನ್ನ ಕಾರ್ಯದರ್ಶಿಗೂ ಆ ಆಫೀಸಿನ ಹುಡುಗನಿಗೂ ಫೋನ್ ಮಾಡು. ಕಟ್ಟಡದ ನಕ್ಷೆ ಇದ್ದರೆ ತರಲಿ. ಹೊರಡುವ."

ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೆರಳುಗಳನ್ನು ನೋಡುತ್ತ ಕುಳಿತರು. ವಿದ್ಯುತ್ ಕಂಬದ ನೆರಳು, ಬಸ್ ತಂಗುದಾಣದ ನೆರಳು, ರಸ್ತೆ ದಾಟುವ ದನದ ನೆರಳು. ಡಿಸೆಂಬರಿನ ಬಿಸಿಲಿಗೆ ಎಲ್ಲವೂ ನೀರಿನಡಿಯಲ್ಲಿ ಇದ್ದಂತೆ ಕಾಣುತ್ತಿತ್ತು. ನಾನು ಎರಡು ಸಲ ಮಾತು ತೆಗೆದೆ. ಅವರು ಇನ್ನೊಂದು ನೆರಳಿನತ್ತ ಬೆರಳು ತೋರಿಸಿದರು.

*

ಚರ್ಚಿನೊಳಗೆ ಟೀಚರ್ ಕಪಾಟನ್ನು ನೋಡಲೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ನೇರ ಕೊನೆಯ ಬೆಂಚಿಗೆ ಹೋಗಿ ಪೂವಮ್ಮನ ಪಕ್ಕ ಕುಳಿತರು.

"ಈ ಬೆಂಚು ಎಷ್ಟು ವರ್ಷದಿಂದ ಇಲ್ಲಿ ಉಂಟು ಅಮ್ಮ?"

"ನಾನು ಮದುವೆಯಾಗಿ ಬಂದಾಗಲೂ ಇಲ್ಲೇ ಇತ್ತು. ಕಾಲು ನೆಲಕ್ಕೆ ಕೂರಿಸಿದ್ದಾರೆ, ಜರುಗುವುದಿಲ್ಲ."

"ನೀವು ಯಾವಾಗಲೂ ಈ ತುದಿಯಲ್ಲೇ ಕೂರುವುದಾ?"

"ಇಲ್ಲಿಂದ ಎದ್ದು ಹೊರಗೆ ಹೋಗಲು ಸುಲಭ."

"ಹೋದ ಶನಿವಾರ ಗುಡಿಸಿ ಕೂತಾಗ ಬಿಸಿಲು ಎಲ್ಲಿತ್ತು?"

ಪೂವಮ್ಮ ಬೆಂಚಿನ ಮೇಲೆ ಕೈಯಾಡಿಸಿ ಒಂದು ಕಡೆ ಬೆರಳಿಟ್ಟರು. "ಇಲ್ಲಿಯವರೆಗೆ. ಪ್ರತೀ ಕ್ರಿಸ್ಮಸಿಗೆ ಇಲ್ಲಿಯವರೆಗೆ ಬರ್ತದೆ, ಸೀರೆಯ ಸೆರಗು ಮುಟ್ತದೆ, ಮತ್ತೆ ಹಿಂದೆ ಹೋಗ್ತದೆ. ನನಗೂ ಅದಕ್ಕೂ ಪರಿಚಯ ಉಂಟು."

ಟೀಚರ್ ನಕ್ಕರು. ಬ್ಯಾಗಿನಿಂದ ಟೇಪು ತೆಗೆದು ಬೆಂಚಿನ ಮೇಲೆ ಇಟ್ಟರು. ಬಾಗಿಲ ಬಳಿ ನಿಂತಿದ್ದ ತುಕ್ರಪ್ಪನ ಕಡೆ ತಿರುಗಿದರು. ಅವನು ಬೈರಾಸು ಹೆಗಲಿಗೆ ಹಾಕಿಕೊಂಡು, ಒಳಗೆ ಬರಬೇಕೋ ಬಾರದೋ ಎಂಬಂತೆ ನಿಂತಿದ್ದ.

"ಈ ಮಾಡಿನ ಹಂಚು ನೀನು ಕೊನೆಗೆ ಮುಟ್ಟಿದ್ದು ಯಾವಾಗ?"

"ಹೋದ ವರ್ಷ ಏಪ್ರಿಲಲ್ಲಿ ಟೀಚರ್. ಈ ಸಲ ಮಳೆಗೆ ಮೊದಲು ಕೇಳಿದೆ. ಮುಚ್ಚುವ ಚರ್ಚಿಗೆ ಯಾಕೆ ಖರ್ಚು ಅಂತ ಹೇಳಿದರು. ನಾನು ಹತ್ತಲೇ ಇಲ್ಲ."

"ಗಾಜಿನ ಹಂಚು ಎಷ್ಟನೇ ಸಾಲು?"

"ನೆತ್ತಿಯಿಂದ ಆರನೇ ಸಾಲು. ಇಪ್ಪತ್ತು ವರ್ಷದಿಂದ ಇಡ್ತಾ ಇದ್ದೇನೆ. ಕಣ್ಣು ಕಟ್ಟಿ ಹತ್ತಿಸಿದರೂ ಅಲ್ಲಿಯೇ ಇಡ್ತೇನೆ."

"ಹತ್ತು. ಕಣ್ಣು ಬಿಟ್ಟುಕೊಂಡೇ ಹತ್ತು. ಎಷ್ಟನೇ ಸಾಲಿನಲ್ಲಿ ಉಂಟು ನೋಡಿ ಹೇಳು. ಬೇರೇನಾದರೂ ಕಂಡರೂ ಹೇಳು."

ತುಕ್ರಪ್ಪ ಏಣಿ ಇಟ್ಟು ಹತ್ತಿದ. ಕೆಳಗೆ ನಾವು ಐದು ಜನ. ಸೃಜನ್ ಗಡಿಯಾರ ನೋಡಿಕೊಂಡ. ಧನರಾಜ್ ಗಂಡಸರ ಬದಿಯ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಬೆಳಕಿನ ಚೌಕ ನೆಲದ ಮೇಲಿಂದ ಬೆಂಚಿನ ಅಂಚಿಗೆ ಹತ್ತಿತು, ಹಲಗೆಯ ಮೇಲೆ ಹರಿಯಿತು. ಅದು ಚಲಿಸುವುದು ಕಾಣುತ್ತಿರಲಿಲ್ಲ. ರೆಪ್ಪೆ ಹೊಡೆದು ನೋಡಿದಾಗ ಬೇರೆ ಕಡೆ ಇರುತ್ತಿತ್ತು. ಹನ್ನೆರಡೂ ಇಪ್ಪತ್ತೈದಕ್ಕೆ ಅದು ಪೂವಮ್ಮನ ಮಡಿಲಿನಲ್ಲಿತ್ತು.

ಟೀಚರ್ ಟೇಪು ಹಿಡಿದರು. ಪೂವಮ್ಮ ಬೆರಳಿಟ್ಟ ಜಾಗದಿಂದ ಬೆಳಕಿನ ಅಂಚಿನವರೆಗೆ. "ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ," ಎಂದರು.

ಮೇಲಿನಿಂದ ತುಕ್ರಪ್ಪನ ದನಿ ಇಳಿಯಿತು. "ಟೀಚರ್, ಹಂಚು ಐದನೇ ಸಾಲಿನಲ್ಲಿ ಉಂಟು. ಯಾರೋ ಮುಟ್ಟಿದ್ದಾರೆ. ಹಂಚು ಕೂರುವ ಮರದ ಪಟ್ಟಿ, ಒಂದು ರೀಪು ಕಳಚಿ ಮತ್ತೆ ಹೊಡೆದಿದ್ದಾರೆ, ಮೊಳೆ ಹೊಸದು."

ಸೃಜನ್ ಎದ್ದು ನಿಂತ. "ನಾನು ಹೇಳಿದೆನಲ್ಲ, ಮಾಡಿನಿಂದಲೇ ಅಂತ."

"ಕೂತುಕೋ ಮಗ," ಎಂದರು ಟೀಚರ್. "ನೀನು ಹೇಳಿದ್ದರಲ್ಲಿ ಅರ್ಧ ಸರಿ ಉಂಟು. ಈ ಬೆಂಚಿನ ವಾರ್ನಿಷ್ ನೋಡು. ಎಂತ ಕಾಣ್ತದೆ?"

ಅವನು ಬಗ್ಗಿ ನೋಡಿದ. "ಇಲ್ಲಿಯವರೆಗೆ ಮಾಸಿದೆ. ಆಮೇಲೆ ಕಪ್ಪಗೆ ಉಂಟು."

"ಮಾಸಿದ್ದು ಎಲ್ಲಿಗೆ ನಿಂತಿದೆ?"

"ಅಮ್ಮ ಬೆರಳಿಟ್ಟಲ್ಲಿಗೆ."

"ವರ್ಷವಿಡೀ ಮಧ್ಯಾಹ್ನದ ಬಿಸಿಲು ಈ ಕಟ್ಟಡದೊಳಗೆ ನಡೆದುಕೊಂಡು ಬರ್ತದೆ. ಜೂನಿನಲ್ಲಿ ಗಂಡಸರ ಬದಿಯಲ್ಲಿ ಇರ್ತದೆ. ಸೂರ್ಯ ದಕ್ಷಿಣಕ್ಕೆ ಹೋದ ಹಾಗೆ ಇದು ಉತ್ತರಕ್ಕೆ ಜರುಗ್ತದೆ. ಡಿಸೆಂಬರಿನಲ್ಲಿ ಈ ಬೆಂಚಿಗೆ ಬಂದು, ಕೆಲವು ದಿನ ನಿಂತು, ತಿರುಗಿ ಹೋಗ್ತದೆ. ಎಷ್ಟೋ ವರ್ಷ ಹಾಗೆ ಬಂದು ನಿಂತು ಈ ಗೆರೆ ಎಳೆದದ್ದು ಅದು. ಸೂರ್ಯ ಈ ವಾರಕ್ಕಿಂತ ಹೆಚ್ಚು ದಕ್ಷಿಣಕ್ಕೆ ಯಾವತ್ತೂ ಹೋಗುವುದಿಲ್ಲ. ನಿಮ್ಮ ಆಫೀಸಿನವರು ಪತ್ರ ಬರೆದರೂ ಹೋಗುವುದಿಲ್ಲ. ಹಾಗಾದರೆ ಬಿಸಿಲು ಗೆರೆ ದಾಟಿದ್ದು ಹೇಗೆ?"

"ಹಂಚು ಜರುಗಿದೆ," ಎಂದೆ ನಾನು. ಹದಿನೈದು ವರ್ಷ ತಡವಾಗಿ ಕ್ಲಾಸಿನಲ್ಲಿ ಉತ್ತರ ಹೇಳಿದಂತಾಯಿತು.

"ಒಂದು ಸಾಲು ಮೇಲಕ್ಕೆ. ಹಂಚು ನೆತ್ತಿಯ ಕಡೆಗೆ ಹೋದಷ್ಟು ಬೆಳಕು ಉತ್ತರಕ್ಕೆ ದೂರ ಬೀಳ್ತದೆ. ಶನಿವಾರ ಸರಿ ಇತ್ತು. ಬುಧವಾರ ತಪ್ಪಿತ್ತು. ಆ ನಡುವೆ ಒಬ್ಬರು ಹಂಚು ತೆಗೆದು, ಗ್ಯಾಲರಿಗೆ ಇಳಿದು, ಪುಸ್ತಕ ತೆಗೆದುಕೊಂಡು, ಹಾಗೇ ಮೇಲೆ ಹೋಗಿ ಮಾಡು ಮುಚ್ಚಿದರು. ತುಕ್ರಪ್ಪ ಆಗಿದ್ದರೆ ಆರನೇ ಸಾಲಿಗೇ ಇಡುತ್ತಿದ್ದ, ಅವನ ಕೈಗೆ ಗೊತ್ತುಂಟು. ಈ ಅಮ್ಮ ಕಳಿಸಿದವರಾಗಿದ್ದರೆ, ಬಿಸಿಲು ದಾರಿ ತಪ್ಪಿದೆ ಅಂತ ಅವರೇ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಿಸ್ಮಿತಾ, ನೀನು ಆ ಮಾತು ಕೇಳಿಯೂ ಕೇಳಲಿಲ್ಲ."

ನಾನು ತಲೆ ತಗ್ಗಿಸಿದೆ.

"ಈಗ ನಕ್ಷೆ ಕೊಡು," ಎಂದು ಸೃಜನ್‌ನತ್ತ ಕೈ ಚಾಚಿದರು.

ಅವನು ಫೈಲಿನಿಂದ ಹಾಳೆ ತೆಗೆದು ಬೆಂಚಿನ ಮೇಲೆ ಹರಡಿದ. ಕಟ್ಟಡ ಒಪ್ಪಿಸುವಾಗ ಕೊಡಬೇಕಾದ ನಕ್ಷೆ. ಗೋಡೆ, ಬಾಗಿಲು, ಕಿಟಕಿ, ಮಾಡಿನ ಒಂದೊಂದು ಸಾಲನ್ನೂ ಪೆನ್ಸಿಲಿನಲ್ಲಿ ಬರೆದಿತ್ತು. ಟೀಚರ್ ಬೆರಳಿಟ್ಟು ನೆತ್ತಿಯಿಂದ ಎಣಿಸಿದರು.

"ಒಂದು, ಎರಡು, ಮೂರು, ನಾಲ್ಕು, ಐದು. ಗಾಜಿನ ಹಂಚು ಐದನೇ ಸಾಲಿನಲ್ಲಿ ಬರೆದಿದೆ. ಇದನ್ನು ಬರೆದದ್ದು ಯಾವಾಗ?"

"ಅಕ್ಟೋಬರಿನಲ್ಲಿ," ಎಂದ ಸೃಜನ್.

"ಅಕ್ಟೋಬರಿನಲ್ಲಿ ಹಂಚು ಆರನೇ ಸಾಲಿನಲ್ಲಿತ್ತು. ನಕ್ಷೆಯಲ್ಲಿ ತಪ್ಪಾದದ್ದು ಯಾಕೆ ಅಂತ ಈ ಬೆಂಚಿನಲ್ಲಿ ಕೂತು ನೋಡಿದರೆ ಗೊತ್ತಾಗ್ತದೆ. ಒಳಗಿಂದ ನೋಡಿ ರೀಪುಗಳನ್ನು ಎಣಿಸಿದ್ದಾರೆ. ಎಲ್ಲಕ್ಕಿಂತ ಮೇಲಿನ ರೀಪು ನೆತ್ತಿಯ ಮರಕ್ಕೆ ಮರೆಯಾಗಿದೆ, ಲೆಕ್ಕಕ್ಕೆ ಸಿಕ್ಕಿಲ್ಲ. ಅದು ದೊಡ್ಡದಲ್ಲ, ಯಾರಿಗಾದರೂ ಆಗುವ ತಪ್ಪು. ಆದರೆ ನಕ್ಷೆ ಯಾವ ಸಾಲು ತಪ್ಪಿತೋ ಈಗ ಮಾಡೂ ಅದೇ ಸಾಲು ತಪ್ಪಿದೆ. ಹಂಚು ತಪ್ಪಿ ಇಡಲು ಹತ್ತು ಸಾಲು ಇತ್ತು. ಈ ಕಾಗದ ಹೇಳಿದ ಸಾಲಿಗೇ ಹೋಗಿ ಕೂತದ್ದು ಯಾಕೆ? ಇದು ನಿನ್ನ ಕೈಗೆ ಬಂದದ್ದು ಯಾವಾಗ ಮಗ?"

"ನಿನ್ನೆ ಬೆಳಿಗ್ಗೆ."

"ಅಲ್ಲಿಯವರೆಗೆ ಯಾರ ಬಳಿ ಇತ್ತು?"

ಸೃಜನ್ ಉತ್ತರಿಸುವ ಮೊದಲು ಗಂಡಸರ ಬದಿಯ ಬೆಂಚು ಕಿರ್ ಎಂದಿತು.

"ನನ್ನ ಬಳಿ," ಎಂದರು ಧನರಾಜ್.

ಟೀಚರ್ ನಕ್ಷೆಯನ್ನು ಮಡಚಿದರು. "ಯಾವ ಸಾಲಿನಿಂದ ತೆಗೆದದ್ದು ಅಂತ ಮರೆತು ಹೋಯಿತಾ?"

"ಹನ್ನೆರಡು ಹಂಚು ತೆಗೆದಿದ್ದೆ. ಸೋಮವಾರ ಮಧ್ಯಾಹ್ನ, ಯಾರಾದರೂ ಬರ್ತಾರೆ ಅಂತ ಅವಸರ. ಮತ್ತೆ ಇಡುವಾಗ ಗೊತ್ತಾಗಲಿಲ್ಲ. ನಕ್ಷೆ ನೆನಪಿತ್ತು. ನಾನೇ ಬರ್ದದ್ದಲ್ಲವಾ, ಸರಿ ಇರ್ತದೆ ಅಂತ ಇಟ್ಟೆ."

ತುಕ್ರಪ್ಪ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದ.

"ಪುಸ್ತಕ ಎಲ್ಲಿ ಉಂಟು ಧನರಾಜಣ್ಣ?" ನಾನು ಕೇಳಿದೆ.

"ಮನೆಯಲ್ಲಿ. ಸುಡುವ ಅಂತ ಇದ್ದೆ. ಮನಸ್ಸು ಬರಲಿಲ್ಲ."

"ಯಾಕೆ ತೆಗೆದದ್ದು?"

ಅವರು ಪೂವಮ್ಮನ ಕಡೆ ನೋಡಲಿಲ್ಲ. "ಪೂವಕ್ಕನ ಹೆಸರು ಮತ್ತೆ ಸೇರಿಸಲು ಹಿರಿಯರು ಒಪ್ಪಿದ್ದರು. ಆರು ತಿಂಗಳು ತುಂಬಿದ ವಾರವೇ ಒಪ್ಪಿದ್ದರು. ಮನೆಗೆ ಹೋಗಿ ಕರೆಯುವ ಕೆಲಸ ನನ್ನ ಅಪ್ಪನದ್ದು. ಅಪ್ಪ ಲೋಕಯ್ಯನಿಗೂ ಚಿನ್ನಯ್ಯಣ್ಣನಿಗೂ ಬಾವಿಯ ನೀರಿನ ಜಗಳ. ಆ ಮನೆಯ ಅಂಗಳ ತುಳಿಯುವುದಿಲ್ಲ ಅಂತ ಹಟ. ಹೋಗಲಿಲ್ಲ. ಹೋಗದೆ, 'ಕರೆದೆ' ಅಂತ ಬರೆದು ಸಹಿ ಹಾಕಿದರು. ಸಾಯುವ ಮೊದಲು ನನಗೆ ಹೇಳಿದರು."

"ನಿಮಗೆ ಗೊತ್ತಿತ್ತಾ?" ನನ್ನ ಸ್ವರ ನನಗೇ ಬೇರೆಯಾಗಿ ಕೇಳಿಸಿತು. "ಇಷ್ಟು ವರ್ಷ?"

"ಹನ್ನೆರಡು ವರ್ಷದಿಂದ. ಅಪ್ಪ ಸುಳ್ಳು ಬರೆದರು ಅಂತ ಯಾವ ಬಾಯಿಂದ ಹೇಳುವುದು? ಆಫೀಸಿನವರು ಪುಸ್ತಕ ಪೂರ್ತಿ ಪರಿಶೀಲಿಸ್ತಾರೆ ಅಂತ ಆದಿತ್ಯವಾರ ನೀವು ಅಂದಿರಿ. ಅಷ್ಟರಲ್ಲಿ ಹೊಸ ಬೀಗವೂ ಬಿತ್ತು. ಪುಸ್ತಕ ಇಲ್ಲದಿದ್ದರೆ ನಾವೇ ಬಾಯಿಮಾತಲ್ಲಿ ಪಟ್ಟಿ ಮಾಡಬಹುದು, ಪೂವಕ್ಕನ ಹೆಸರು ಎಲ್ಲರಿಗಿಂತ ಮೊದಲು ಬರೆಸುವ ಅಂತ ಎಣಿಸಿದ್ದೆ. ಇವರು ನಿನ್ನೆ ಬೇರೆಯೇ ನಿಯಮ ಹೇಳಿದರು. ಆಗಿನಿಂದ ಬಾಯಿ ತೆರೆಯಲು ನೋಡ್ತಾ ಇದ್ದೇನೆ."

ಅವರು ಹೋಗಿ ಪುಸ್ತಕ ತಂದರು. ಹಿಂಭಾಗದ ಪುಟವನ್ನು ನಾನು ಗಟ್ಟಿಯಾಗಿ ಓದಿದೆ. ಪೂವಮ್ಮನಿಗೆ ಕರ್ತನ ಭೋಜನಕ್ಕೆ ಸೇರಲು ಅಪ್ಪಣೆಯಾಗಿದೆ. ಕೆಳಗೆ ಬೇರೆ ಶಾಯಿಯಲ್ಲಿ ಒಂದು ಪದ, ಒಂದು ಸಹಿ. ದಿನಾಂಕ ನೋಡಿ ಲೆಕ್ಕ ಹಾಕಿದೆ. ಐವತ್ತೆಂಟು ವರ್ಷ.

ಸೃಜನ್ ಪೆನ್ನು ತೆಗೆದ. "ಹಾಗಾದರೆ ಹೆಸರು ಬರೆಯಬಹುದು. ತೊಂದರೆ ಇಲ್ಲ."

"ತಡಿ," ಎಂದರು ಪೂವಮ್ಮ. "ಕರೆದಿಲ್ಲ ಇನ್ನೂ."

ಧನರಾಜ್ ಎದ್ದು ಬಂದು ಬೆಂಚಿನ ಮುಂದೆ ನಿಂತರು. ಕೈ ಚಾಚಿದರು. "ಪೂವಕ್ಕ, ಸಭೆ ನಿಮ್ಮನ್ನು—"

"ಇಲ್ಲಿ ಅಲ್ಲ ಧನು. ಮನೆಗೆ ಬಂದು ಕರೆಯಬೇಕು. ಅದು ಕ್ರಮ."

ಅವರು ಪೊರಕೆ ಗೋಡೆಗೆ ಒರಗಿಸಿ ಹೊರಟರು. ಚರ್ಚಿನ ಹಿಂದೆ ಸ್ಮಶಾನ, ಅದರ ಬದಿಯಲ್ಲಿ ಕಾಲುದಾರಿ, ಆಚೆ ಅವರ ಮನೆ. ಅವರು ಮುಂದೆ, ಇಪ್ಪತ್ತು ಹೆಜ್ಜೆ ಹಿಂದೆ ಧನರಾಜ್, ಅವರ ಹಿಂದೆ ನಾವು. ಯಾವುದೋ ಕನಸಿನ ಮೆರವಣಿಗೆಯಂತೆ ನಡೆದೆವು. ಪೂವಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಧನರಾಜ್ ಅಂಗಳದ ಅಂಚಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ದಾಟಿದರು. ಬಾಗಿಲು ತಟ್ಟಿದರು.

"ಯಾರು?"

"ಸಭೆಯಿಂದ ಬಂದದ್ದು. ಲೋಕಯ್ಯನ ಮಗ."

ಬಾಗಿಲು ತೆರೆಯಿತು. ಪೂವಮ್ಮ ತಲೆ ಬಾಚಿಕೊಂಡಿದ್ದರು. ಧನರಾಜ್ ಹೇಳಬೇಕಾದ ಮಾತನ್ನು ಪೂರ್ತಿ ಹೇಳಿದರು, ತಡವಾಯಿತು ಎಂಬುದನ್ನೂ ಹೇಳಿದರು. ಪೂವಮ್ಮ ಕೇಳಿಸಿಕೊಂಡು ಕೈ ಕೊಟ್ಟರು. ಬಿಡಿಸಿಕೊಳ್ಳಲು ಅವಸರ ಮಾಡಲಿಲ್ಲ, ಇಬ್ಬರೂ.

ಟೀಚರ್ ನನ್ನ ಪಕ್ಕದಲ್ಲಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಸೃಜನ್ ಫೈಲನ್ನು ಮೊಣಕಾಲ ಮೇಲಿಟ್ಟು ಸ್ಮಶಾನದ ಪಟ್ಟಿ ತೆರೆದ. ಚಿನ್ನಯ್ಯ ಎಂಬ ಹೆಸರಿನ ಪಕ್ಕ ಖಾಲಿ ಇದ್ದ ಅಂಕಣದಲ್ಲಿ ಪೂವಮ್ಮ ಎಂದು ಬರೆದ. ಮತ್ತೆ ತಲೆ ಎತ್ತಿದ.

"ಅಮ್ಮ, ಯಾವ ಬದಿ ಅಂತ ಬರೆಯಬೇಕು. ಎಡವಾ, ಬಲವಾ?"

"ಅವರ ಎಡಬದಿ ಬರೆಯಿರಿ," ಎಂದರು ಪೂವಮ್ಮ. "ಬಲಕಿವಿ ಕೇಳ್ತಾ ಇರಲಿಲ್ಲ ಅವರಿಗೆ."